ಸಡಿಲ ಬಿಟ್ಟ ಅಳತೆ

ಗಾದಿಲಿಂಗಪ್ಪ ಮಾವನ ಅಳತೆ ಟೇಪಿಗೆ ಮೊದಲನೇ ಇಂಚು ಇರಲಿಲ್ಲ. ತುದಿಯ ತಗಡು ಎಂದೋ ಕಳಚಿಬಿದ್ದು, ಅದರ ಹಿಂದೆಯೇ ಆ ಇಂಚೂ ಎಳೆ ಎಳೆಯಾಗಿ ಸವೆದುಹೋಗಿತ್ತು. ಒಂದರ ಗೆರೆಯಿಂದ ಅಳೆದು, ಕೊನೆಗೆ ಮನಸ್ಸಿನಲ್ಲೇ ಒಂದನ್ನು ಕಳೆಯುತ್ತಿದ್ದರು.

"ಹೊಸದು ತಗೋಬಾರದಾ ಮಾವ?" ಎಂದು ಒಮ್ಮೆ ಕೇಳಿದ್ದೆ.

"ಇದಕ ಊರಿನ ಸೊಂಟೆಲ್ಲ ಗೊತ್ತೈತವ್ವ. ಹೊಸದಕ ಮತ್ತ ಯಾರು ಪರಿಚಯ ಮಾಡಿಕೊಡ್ತಾರ?"

ಆಂಧ್ರದ ಗಡಿಯ ರಾಯದುರ್ಗದಲ್ಲಿ ಅವರ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಮ್ಮನೂ ನಾನೂ ಬಾಡಿಗೆಗಿದ್ದೆವು. ಅಮ್ಮನನ್ನು ಅವರು ಅಕ್ಕಾ ಎನ್ನುತ್ತಿದ್ದರು, ಹಾಗಾಗಿ ನನಗೆ ಮಾವ. ಮಾಲೀಕರು ಕಟ್ಟಡ ಕೆಡವಿ ಹೊಸದು ಕಟ್ಟುವವರಿದ್ದರು. ಬೇಸಿಗೆ ಮುಗಿಯುವುದರೊಳಗೆ ಮೇಲಿನವರು, ಕೆಳಗಿನವರು ಎಲ್ಲರೂ ಖಾಲಿ ಮಾಡಬೇಕಿತ್ತು. ನಮ್ಮದು ಎಂದು ಇದ್ದದ್ದು ಊರಂಚಿನ ಒಂದು ಕೊಟ್ಟಿಗೆ. ತಾತ ಅಮ್ಮನ ಪಾಲಿಗೆ ಕೊಟ್ಟದ್ದು. ಕಲ್ಲಿನ ಗೋಡೆ, ಬೆಳಕಿಗೆ ಒಂದೇ ಕಿಟಕಿ. ದನಗಳು ಹೋಗಿ ಬಹಳ ಕಾಲವಾಗಿತ್ತು, ಮೇವು ಹಾಕುವ ಗೋದಲಿ ಮಾತ್ರ ಉಳಿದಿತ್ತು. ಅದನ್ನೇ ಮನೆ ಮಾಡಿಕೊಳ್ಳದೆ ನಮಗೆ ಬೇರೆ ದಾರಿ ಇರಲಿಲ್ಲ.

ಅದಕ್ಕೆ ಪುರಸಭೆಯ ಅನುಮತಿ ಬೇಕು ಎಂದರು. ನಾನು ಎಂಎಸ್ಸಿ ಓದಿದವಳು. ನಿಯಮಗಳನ್ನು ತೆಲುಗಿನಲ್ಲೂ ಓದಿದೆ, ಇಂಗ್ಲಿಷಿನಲ್ಲೂ ಓದಿದೆ, ಎರಡರಲ್ಲೂ ತಿಳಿಯಲಿಲ್ಲ. ಕೊಟ್ಟಿಗೆ ಲೆಕ್ಕಕ್ಕೇ ಇಲ್ಲ, ಹೊಸ ಮನೆ ಎಂದು ಅರ್ಜಿ ಹಾಕಿ ಎಂದರು ಆಫೀಸಿನಲ್ಲಿ ಒಬ್ಬರು. ಗೋಡೆ ನಿಂತಿರುವಾಗ ಅದು ಹೊಸದು ಹೇಗಾಗುತ್ತದೆ ಎಂದರು ಪಕ್ಕದ ಮೇಜಿನವರು. ಇಬ್ಬರೂ ಹೇಳುವುದು ಸರಿಯೆಂದೇ ನನಗೆ ತೋರಿತು. ಯಾವ ಮೇಜಿಗೂ ಅರ್ಜಿ ಕೊಡದೆ ಮನೆಗೆ ಬಂದೆ.

"ಯಾಕಷ್ಟು ತಲಿ ಕೆಡಿಸ್ಕೊಂತೀ ಯವ್ವಾ?" ಎಂದರು ಮಾವ, ಹೊಲಿಗೆ ಯಂತ್ರ ತುಳಿಯುತ್ತಲೇ. "ಅವರಿಬ್ರ ಪ್ಯಾಂಟೂ ನಾನಾ ಹೊಲಿದಿದ್ದು. ಬಿಗಿ ಪ್ಯಾಂಟಿನವ ಕುಂದರಾಕಾಗ್ದ ಸಿಟ್ಟಿನ್ಯಾಗ ಇರ್ತಾನ. ಸಡ್ಲ ಪ್ಯಾಂಟಿನವನತ್ರ ಹೋಗು."

ಹೋದೆ. ಸಡಿಲ ಪ್ಯಾಂಟಿನವರು ಕೂರಿಸಿ ನೀರು ಕೊಟ್ಟು, ಮೊದಲು ಪ್ಲಾನ್ ಮಾಡಿಸಿ ತನ್ನಿ ಎಂದರು. ಪ್ಲಾನ್ ಬರೆಯುವ ಇಂಜಿನಿಯರರಿಗೆ ಬರಲು ಪುರುಸೊತ್ತಿರಲಿಲ್ಲ. ಅಳತೆ ಕಳಿಸಿ, ಬರೆದುಕೊಡುತ್ತೇನೆ ಎಂದರು.

"ಅಳತಿ ಅಂದಮ್ಯಾಲ ನನ್ನ ಬಿಟ್ಟು ಇನ್ಯಾರವ್ವ?"

ಹೀಗೆ ನಮ್ಮ ಕೊಟ್ಟಿಗೆಯನ್ನು ಟೈಲರು ಅಳೆದರು. ಅಮ್ಮ ಟೇಪಿನ ಒಂದು ತುದಿ ಹಿಡಿದಳು. ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಮಾವ ಗೋಡೆಯ ಮೇಲೆ ಗೆರೆ ಎಳೆಯುತ್ತ, ಅಂಗಡಿಯಲ್ಲಿ ಕೂಗುವಂತೆಯೇ ಅಂಕಿಗಳನ್ನು ಕೂಗಿದರು. ನಾನು ಬರೆದುಕೊಂಡೆ. ಗೋದಲಿಯ ಹತ್ತಿರ ಬಂದಾಗ "ಇಲ್ಲಿ ಕಿಸೆ ಐತಿ ನೋಡವ್ವ" ಎಂದು ನಕ್ಕರು.

ತಪಾಸಣೆಗೆ ಬಂದ ಅಧಿಕಾರಿ ತಮ್ಮದೇ ಟೇಪು ಬಿಚ್ಚಿದರು. ನಮ್ಮ ಪ್ಲಾನಿನ ಪ್ರಕಾರ ಒಂದು ಗೋಡೆ ಬೀದಿಯೊಳಗೆ ನಿಲ್ಲುತ್ತಿತ್ತು, ಇನ್ನೊಂದು ಪಕ್ಕದವರ ಬಣವೆಯೊಳಗೆ.

"ಏನಮ್ಮಾ, ರೋಡ್ನೂ ಸೇರ್ಸಿ ಮನೆ ಮಾಡ್ತೀರಾ?" ಎಂದು ಅರ್ಜಿ ವಾಪಸ್ಸು ಕೊಟ್ಟರು.

ಆ ಕಾಣೆಯಾದ ಇಂಚೇ ಕಾರಣವಿರಬೇಕೆಂದು ಕೂಡಿಸಿ ಕಳೆದು ನೋಡಿದೆ. ಹೊಂದಲಿಲ್ಲ. ಕೊನೆಗೆ ಅಮ್ಮನನ್ನು ಕರೆದುಕೊಂಡು ಕೆಳಗೆ ಅಂಗಡಿಗೆ ಹೋಗಿ ಮಾವನನ್ನೇ ಕೇಳಿದೆ.

"ಹೊಲಿಗಿಗೆ ಬಿಡಬೇಡೇನು?" ಎಂದರು, ಆಶ್ಚರ್ಯದಿಂದ. ಎಲ್ಲ ಗೋಡೆಗೂ ಒಂದಿಷ್ಟು ಸಡಿಲ ಸೇರಿಸಿಯೇ ಕೂಗಿದ್ದರು.

ಅಮ್ಮ ತಲೆ ಚಚ್ಚಿಕೊಂಡಳು. "ಅಂಗಿ ಆದ್ರ ಒಳಗ ಮಡಚ್ತಿ. ಗೋಡಿ ಹೆಂಗ ಮಡಚ್ತೀಯೋ ಮಾರಾಯಾ?"

"ಅಲ್ಲಕ್ಕಾ, ನಾಳಿ ಮಂದಿ ಹೆಚ್ಚಾದ್ರ ಬಿಗಿ ಆಗಂಗಿಲ್ಲೇನು?"

ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ನಾನು ವಾಪಸ್ಸು ಬಂದ ಅರ್ಜಿಯನ್ನು ಮಡಚಿದೆ. ಅದನ್ನು ಅವರು ಹೇಗೆ ತೆಗೆದುಕೊಂಡರೋ, ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿ ಡ್ರಾಯರಿನಲ್ಲಿಟ್ಟರು. ಅವರ ಕೊರಳು ಬರಿದಾಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಇಂಜಿನಿಯರರೇ ಬಂದು ಅಳೆದ ಮೇಲೆ, ಬೇಸಿಗೆಯ ಕೊನೆಗೆ ಅನುಮತಿ ಬಂತು. ಅದು ಹೊಸ ಮನೆಗೆ ಬಂದದ್ದೋ ಹಳೆಯದರ ದುರಸ್ತಿಗೋ ನನಗೆ ಈಗಲೂ ಸ್ಪಷ್ಟವಿಲ್ಲ. ಸಹಿ ಇತ್ತು, ಸಾಕೆನಿಸಿತು.

ಮಾವ ಅಂಗಡಿ ಖಾಲಿ ಮಾಡಿ ಮಡಕಶಿರಾದ ಮಗಳ ಮನೆಗೆ ಹೊರಟ ದಿನ ಲಗೇಜ್ ಆಟೋವನ್ನು, ನಾವು ಆಗಲೇ ಸಾಮಾನು ಸಾಗಿಸಿದ್ದ ಕೊಟ್ಟಿಗೆಯ ಮುಂದೆ ನಿಲ್ಲಿಸಿದರು. ಆಟೋದಲ್ಲಿ ಹೊಲಿಗೆ ಯಂತ್ರ ಸೀರೆ ಸುತ್ತಿಕೊಂಡು ಕೂತಿತ್ತು. ಟೇಪು ಮತ್ತೆ ಕೊರಳಿಗೆ ಬಂದಿತ್ತು. ಒಳಗೆಲ್ಲ ಸುತ್ತಾಡಿ, ಆ ಒಂದು ಕಿಟಕಿಯನ್ನು ಅಳೆದರು.

"ಪರದಿ ಹೊಲಿದು ಕಳಿಸ್ತೀನವ್ವ. ಈ ಸಲ ಸರಿಯಾಗಿ ಅಳದೀನಿ."

"ಆಯ್ತು ಮಾವ" ಎಂದೆ.

ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಡಕಶಿರಾಕ್ಕೆ ಹೋಗಿ ಕಾರ್ಯ ಮುಗಿಸಿಕೊಂಡು ಬಂದ ಅಮ್ಮ ಒಂದು ಕಟ್ಟು ತಂದಳು. ನೀಲಿ ಪರದೆ. ಕಿಟಕಿಗೆ ಹಿಡಿದು ನೋಡಿದರೆ ಎಲ್ಲ ಕಡೆಯೂ ಒಂದೊಂದು ಗೇಣು ಹೆಚ್ಚು.

"ಸಾಯತನಕ ಬದಲಾಗ್ಲಿಲ್ಲ ನೋಡು. ಕತ್ತರಿಸಿಬಿಡು" ಎಂದಳು ಅಮ್ಮ.

ಕತ್ತರಿ ಹಿಡಿದು ಅಂಚು ತಿರುವಿದೆ. ಅದನ್ನು ಮಡಚಿ ಎರಡೆರಡು ಸಲ ಹೊಲಿದಿದ್ದರು. ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆ ಬಿಟ್ಟಿರಲಿಲ್ಲ. ಅಂದರೆ ಅವರ ಲೆಕ್ಕದಲ್ಲಿ ಕಿಟಕಿ ಇಷ್ಟೇ ಇತ್ತೇ? ಅಥವಾ ಇಷ್ಟಿರಬೇಕಿತ್ತೇ? ಕೇಳಲು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ, ಇನ್ನೂ ಮುಗಿಯದ ದುರಸ್ತಿ ಕೆಲಸಕ್ಕೆ ಮೇಸ್ತ್ರಿ ಬಂದಾಗ ಪರದೆಯನ್ನು ಗೋಡೆಗೆ ಹಿಡಿಯಲು ಅಮ್ಮನಿಗೆ ಹೇಳಿ, ಸುತ್ತಲೂ ಗೆರೆ ಎಳೆದೆ. "ಪ್ಲಾನಿನ್ಯಾಗ ಕಿಟಕಿ ಇಷ್ಟು ದೊಡ್ಡದಿಲ್ಲಲ್ರಿ?" ಎಂದರು ಮೇಸ್ತ್ರಿ. ಇಲ್ಲ ಎಂದೆ; ಗೆರೆಯವರೆಗೂ ಒಡೆಯಿರಿ ಎಂದೆ.