ಪಡಸಾಲೆಯಲ್ಲಿ ಬೀಸುತ್ತಿದ್ದ ಅಜ್ಜಿ

ಯುದ್ಧದ ಕಾಲಕ್ಕೆ ಕೊಪ್ಪಳದಲ್ಲಿ ಬಾಡಿಗೆಗೆ ಖೋಲಿ ಸಿಗುವುದೇ ಕಷ್ಟವಾಗಿತ್ತು. ನಮ್ಮ ಚಾಳಿನಲ್ಲಿ ಆರು ಸಂಸಾರ, ಸಂಸಾರಕ್ಕೊಂದೇ ಖೋಲಿ. ನಾಲ್ಕು ಜನ ಕೂಡಿ ಕೂರಲು ಇದ್ದದ್ದು ಮುಂದಿನ ಪಡಸಾಲೆಯೊಂದೇ. ಕೊನೆಯ ಖೋಲಿಯ ಅಜ್ಜಿ ದಿನವೂ ಅಲ್ಲಿ ಜೋಳ ಬೀಸುತ್ತಿದ್ದರು. ಯಾರು ಬಂದರೂ ಚಾಚಿದ ಕಾಲು ಮಡಚಿಕೊಂಡು, “ಕುಂದರ್ರಿ, ಜಾಗಾ ಐತಿ” ಎನ್ನುತ್ತಿದ್ದರು.

ಒಮ್ಮೆ ಮಾಲೀಕರು ಗೌಂಡಿಯನ್ನು ಕರೆತಂದರು. ಪಡಸಾಲೆಗೆ ಗೋಡೆ ಹಾಕಿಸಿ ಇನ್ನೆರಡು ಖೋಲಿ ಮಾಡುವ ವಿಚಾರ ಅವರದು. ಅಜ್ಜಿ ಬೀಸುವುದನ್ನು ನಿಲ್ಲಿಸಲಿಲ್ಲ.

“ಕುಂದರ್ರಿ ಸಾಹುಕಾರ್ರ, ಜಾಗಾ ಐತಿ.”

“ಏಳಬೇ ಯಮ್ಮಾ, ಅಳತಿ ಹಿಡೀಬೇಕು.”

“ಹಿಡೀರಿ. ನಾಳೆ ನಾ ಸತ್ತರ ನನ್ನ ಎಲ್ಲಿ ಕುಂದ್ರಸ್ತೀರಿ? ಒಲಿ ಮ್ಯಾಲೇನು?”

ಗೌಂಡಿ ನಕ್ಕುಬಿಟ್ಟ. ಮಾಲೀಕರು ನಗಲಿಲ್ಲ. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸುತ್ತಾರೆ, ಬಂದವರು ಸುತ್ತ ಕೂತು ಭಜನೆ ಮಾಡುತ್ತಾರೆ. ಮಾಲೀಕರ ತಾಯಿಯನ್ನೂ ಹಾಗೆಯೇ ಕೂರಿಸಿದ್ದರು. ಅಳತೆಯ ದಾರ ಸುತ್ತಿಕೊಂಡು ಹೋದವರು ಮತ್ತೆ ಆ ಮಾತೆತ್ತಲಿಲ್ಲ.

ಅಜ್ಜಿ ತೀರಿಕೊಂಡ ದಿನ ಅವರನ್ನು ಬೀಸುಕಲ್ಲಿನ ಪಕ್ಕದ ಗೋಡೆಗೇ ಆನಿಸಿ ಕೂರಿಸಿದೆವು. ಓಣಿಯವರೆಲ್ಲ ಬಂದು ಕೂತರು. ಮಾಲೀಕರು ಬಾಗಿಲಲ್ಲೇ ನಿಂತಿದ್ದರು. ನಾನು ಕಾಲು ಮಡಚಿಕೊಂಡು ಹೇಳಿದೆ: “ಕುಂದರ್ರಿ, ಜಾಗಾ ಐತಿ.”