ನಮ್ಮ ಮಾಳಿಗೆಯ ಮೇಲಿನ ದಾರಿ

ಬಸವನ ಬಾಗೇವಾಡಿಯಲ್ಲಿ ಮಾಸ್ತರಿಕೆ ಮಾಡಿದಷ್ಟು ವರ್ಷವೂ ನಾವು ಬಾಡಿಗೆ ಮನೆಯಲ್ಲೇ ಇದ್ದೆವು. ಮಾಲೀಕರು ಹೇಳದೆ ಕೇಳದೆ ಒಳಗೆ ಬಂದು ನಲ್ಲಿ ತಿರುವಿ ನೋಡುತ್ತಿದ್ದರು, ಗೋಡೆಯ ಮೊಳೆಗಳನ್ನು ಎಣಿಸುತ್ತಿದ್ದರು. ನನಗಿದ್ದದ್ದು ಒಂದೇ ಆಸೆ: ಬಾಗಿಲು ಹಾಕಿಕೊಂಡರೆ ಯಾರೂ ಬರಬಾರದಂಥ ಸ್ವಂತ ಮನೆ. ನಿವೃತ್ತಿಯಾದ ಮೇಲೆ ಸಿಂದಗಿ ಕಡೆ ಭೀಮಾ ದಂಡೆಯ ಊರೊಂದರ ಹಳೇ ಪೇಟೆಯಲ್ಲಿ, ಕೋಟೆಯಂಥ ಗೋಡೆಯ, ಮಟ್ಟಸವಾದ ಮಣ್ಣಿನ ಚಾವಣಿಯ ಮಾಳಿಗೆ ಮನೆ ಕೊಂಡೆ.

“ಹಿತ್ತಲ ಬಾಗಲಾ ತಗದ್ರ ಹೊಳಿ ಕಾಣ್ತೈತ್ರಿ,” ಎಂದಿದ್ದ ದಲಾಲ. ಸುಳ್ಳಲ್ಲ. ಬೇಸಿಗೆಯಲ್ಲಿ ಹೊಳೆ ಇದ್ದ ಜಾಗ ಬಹಳ ಚೆನ್ನಾಗಿ ಕಾಣುತ್ತದೆ.

ಗೃಹಪ್ರವೇಶದ ಮರುದಿನ ಬೆಳಿಗ್ಗೆ ತಲೆಯ ಮೇಲೆ ಧಪಧಪ ಸದ್ದಾಯಿತು. ಚಾವಣಿಯ ಬೆಳಕಿಂಡಿಯಿಂದ ಒಂದು ಮುಖ ಬಗ್ಗಿ, “ಅಕ್ಕಾರ, ಹಾಲು ಉಕ್ಕಾಕತ್ತೈತಿ ನೋಡ್ರಿ,” ಎಂದಿತು. ಹೆಂಡತಿ ಒಲೆಯ ಕಡೆ ಓಡಿದಳು, ನಾನು ಮಾಳಿಗೆಗೆ. ಪಕ್ಕದ ಮನೆಯ ಮುಸ್ಲಿಂ ಅಜ್ಜಿ, ಓಣಿಗೆಲ್ಲ ಚಾಚಿ, ಶಾವಿಗೆಯ ಮೊರ ಹೊತ್ತು ನಮ್ಮ ಮಾಳಿಗೆ ದಾಟಿ ಆಚೆಯ ಮಗಳ ಮನೆಗೆ ಹೊರಟಿದ್ದಳು. ಇಲ್ಲಿ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ಮಂದಿ ನಡೆಯುವುದೂ ಅವುಗಳ ಮೇಲೇ ಎಂದು ಖರೀದಿಯ ಹೊತ್ತಿಗೆ ಯಾರೂ ಹೇಳಿರಲಿಲ್ಲ.

“ಕೆಳಗ ರಾಡಿರಿ ಮಾಸ್ತರ. ಓಣ್ಯಾಗ ಯಾರರೆ ನಡೀತಾರೇನು?” ಎಂದು ನನ್ನನ್ನೇ ಕೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಮಾಳಿಗೆಯ ಸುತ್ತ ಆಳೆತ್ತರದ ಕುಂಬಿಗೋಡೆ ಕಟ್ಟಲು ಗೌಂಡಿಯನ್ನು ಕರೆಸಿದೆ. ಚಾಚಿ ಬೇಸರಿಸಿಕೊಳ್ಳಲಿಲ್ಲ. ಗೌಂಡಿಗೆ ಚಹಾ ಕೊಟ್ಟಳು, ಅವನು ಕಟ್ಟಿದಷ್ಟನ್ನು ದಾಟಿಕೊಂಡು ಓಡಾಡಿದಳು.

ಕುಂಬಿ ಮೊಣಕಾಲೆತ್ತರಕ್ಕೆ ಬಂದಾಗ ಹೊಳೆ ಬಂತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆಂದು ಜೀಪು ಸಾರಿಕೊಂಡು ಹೋಗುವಷ್ಟರಲ್ಲಿ ಓಣಿ ತುಂಬಿತ್ತು. ಈಗ ಹಿತ್ತಲ ಬಾಗಿಲು ತೆಗೆಯದೆಯೂ ಹೊಳೆ ಕಾಣುತ್ತಿತ್ತು. ಹೆಂಡತಿಗೆ ಮೊಣಕಾಲು ನೋವು, ಈಜು ಇಬ್ಬರಿಗೂ ಬಾರದು. ಜೀವ ಕೈಯಲ್ಲಿ ಹಿಡಿದು ನಿಂತಿದ್ದೆವು. ಬೆಳಕಿಂಡಿಯಲ್ಲಿ ಅದೇ ಮುಖ ಕಾಣಿಸಿತು.

“ಹಂಗ್ಯಾಕ ನಿಂತೀರಿ? ಮ್ಯಾಲೆ ಬರ್ರಿ!”

ಹೆಂಡತಿಯನ್ನು ಹೇಗೋ ನಮ್ಮ ಮಾಳಿಗೆಗೆ ಹತ್ತಿಸಿದೆ. ಚಾಚಿಯ ಮಾಳಿಗೆ ನಮ್ಮದಕ್ಕಿಂತ ತುಸು ಎತ್ತರ. ಹೆಂಡತಿಯ ಎರಡೂ ಕೈ ಹಿಡಿದು ಕುಂಬಿ ದಾಟಿಸಿ ಮೇಲಕ್ಕೆಳೆದುಕೊಂಡಳು. “ಗೌಂಡಿ ಇನ್ನೆರಡು ದಿನಾ ಬಂದಿದ್ರ ಕಷ್ಟ ಇತ್ತು ಬಿಡ್ರಿ,” ಎಂದಳು. ಹಂಗಿಸುವ ದನಿಯಲ್ಲ, ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಗುರುತಿಲ್ಲದವರ ಮಾಳಿಗೆಗಳನ್ನು ಒಂದೊಂದಾಗಿ ತುಳಿದು ದಿಬ್ಬದ ಮೇಲಿನ ಶಾಲೆ ಸೇರಿದೆವು. ಯಾರನ್ನು ಕೇಳಿ ಬಂದಿರಿ ಎಂದು ಯಾರೂ ಅನ್ನಲಿಲ್ಲ.

ನೀರಿಳಿದ ಮೇಲೆ ಕುಂಬಿ ಒಡೆಸಿ, ಅದೇ ಇಟ್ಟಿಗೆಯಲ್ಲಿ ಚಾಚಿಯ ಮಾಳಿಗೆಗೆ ಮೆಟ್ಟಿಲು ಕಟ್ಟಿಸಿದೆ. ಭಾರೀ ಉಪಕಾರ ಮಾಡಿದವನಂತೆ ಬೀಗಿದ್ದೂ ಉಂಟು. ಮರುದಿನ ಬೆಳಿಗ್ಗೆ ಬೆಳಕಿಂಡಿಯಿಂದ ದನಿ ಬಂತು.

“ಮಾಸ್ತರ, ಮೆಟ್ಟಲಾ ಎತ್ತರ ಆಗ್ಯಾವ್ರಿ. ಅಕ್ಕಾರಿಗೆ ಮೊಣಕಾಲ ನೋವು ಐತಿ, ಮತ್ತ ಹೊಳಿ ಬಂದ್ರ ಹೆಂಗ ಹತ್ತತಾರ?”