ಕಂಪ್ಯೂಟರಿಗೊಂದು ಹೊಗೆಗೂಡು

ಹೋದ ತಿಂಗಳು ಮಗಳು ತನ್ನ ಹೊಸ ಗೇಮಿಂಗ್ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಡಬ್ಬದೊಳಗೆ ಆರು ಫ್ಯಾನು, ಒಂದೊಂದಕ್ಕೂ ಒಂದೊಂದು ಬಣ್ಣದ ದೀಪ. ಯಾವುದು ಗಾಳಿಯನ್ನು ಒಳಗೆ ಎಳೆಯಬೇಕು, ಯಾವುದು ಹೊರಗೆ ದಬ್ಬಬೇಕು ಎಂದು ಅವಳಿಗೆ ಗೊಂದಲ. ನಾನು ದೇವರ ಕೋಣೆಗೆ ಹೋಗಿ ಒಂದು ಊದುಬತ್ತಿ ಹಚ್ಚಿಕೊಂಡು ಬಂದೆ. "ಅಪ್ಪ, ಪೂಜೆ ಆಮೇಲೆ ಮಾಡು" ಅಂದಳು. ನಾನು ಬತ್ತಿಯನ್ನು ಫ್ಯಾನಿನ ಮುಂದೆ ಹಿಡಿದೆ. ಹೊಗೆ ಬಾಗಿ ಒಳಗೆ ಹೋಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಲೆ ಮಾವ ನೆನಪಾದರು…

ಒಲೆ ಮಾವ ನಮ್ಮ ನೆಂಟರಲ್ಲ. ಇಲ್ಲೇ ಪಾಂಡವಪುರದಲ್ಲಿ ನಮ್ಮ ಎದುರು ಮನೆಯವರು, ಬೀದಿಯ ಲೆಕ್ಕದಲ್ಲಿ ಮಾವ. ಆಲೆಮನೆಗಳಿಗೆ ಒಲೆ ಕಟ್ಟುವುದು ಅವರ ಕಸುಬು. ಕಬ್ಬಿನ ಹಾಲು ಕುದಿಸುವ ಕೊಪ್ಪರಿಗೆಯ ಕೆಳಗೆ ಬೆಂಕಿ ಎಲ್ಲಿಂದ ಎಲ್ಲಿಗೆ ಹರಿಯಬೇಕು, ಹೊಗೆಗೂಡು ಎಷ್ಟು ಎತ್ತರ ಇರಬೇಕು ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಕೆ.ಆರ್.ಪೇಟೆಯ ತನಕ ಜನ ಕರೆದುಕೊಂಡು ಹೋಗುತ್ತಿದ್ದರು. ಕೆಲಸವಿಲ್ಲದ ದಿನ ನಮ್ಮ ಜಗುಲಿಯ ಮೇಲೆ ಕೂತು ಬೀಡಿ ಸೇದುತ್ತಾ ಎಲ್ಲರ ಮನೆಯ ಅಡುಗೆ ಒಲೆಗಳನ್ನೂ ಬೈಯುತ್ತಿದ್ದರು. ಅವರ ಪ್ರಕಾರ ಪಾಂಡವಪುರದಲ್ಲಿ ನೆಟ್ಟಗೆ ಉರಿಯುವ ಒಲೆ ಒಂದೇ ಇತ್ತು, ಅದು ಅವರ ಮನೆಯದು. ಅವರ ಹೆಂಡತಿ, ಅಂದರೆ ಬೀದಿಗೆಲ್ಲ ಅತ್ತೆ, ಆ ಒಲೆಯ ಮುಂದೆ ಕೆಮ್ಮುವುದು ನಮಗೆಲ್ಲ ಕೇಳಿಸುತ್ತಿತ್ತು.

ತೊಂಬತ್ತರ ದಶಕದ ಕೊನೆ ಅದು. ಡಿಗ್ರಿ ಮುಗಿಸಿ ಕೈ ಖಾಲಿ ಇದ್ದ ನಾನು, ಜೊತೆಯವರೆಲ್ಲ ಕಂಪ್ಯೂಟರ್ ಕ್ಲಾಸು ತೆರೆಯುತ್ತಿದ್ದಾಗ, ಗೇಮ್ ಆಡಿಸುವ ಅಂಗಡಿ ತೆರೆದೆ. ಮನೆಯ ಮುಂಗೋಣೆಯಲ್ಲಿ ಅಪ್ಪ ಹಸುಗಳ ಬೂಸಾ ಮೂಟೆ ಇಡುತ್ತಿದ್ದರು. ಅದನ್ನು ಕಾಡಿ ಬೇಡಿ ಖಾಲಿ ಮಾಡಿಸಿಕೊಂಡೆ. ಕಂಪ್ಯೂಟರು ಮೈಸೂರಿನಿಂದ ಕಾರಿನ ಹಿಂದಿನ ಸೀಟಿನಲ್ಲಿ, ನಮ್ಮಮ್ಮನ ರಗ್ಗು ಹೊದ್ದುಕೊಂಡು, ಮದುಮಗಳ ಹಾಗೆ ಬಂತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ಬೋರ್ಡು ಬರೆದು ಹಾಕಿದೆ. ಡಬ್ಬಕ್ಕೆ ಅಮ್ಮ ಅರಿಸಿನ ಕುಂಕುಮ ಹಚ್ಚಿದರು, ಹತ್ತು ದಿನ ಬಿಟ್ಟು ಝರಿ ಅಂಚಿನ ಹೊದಿಕೆಯನ್ನೂ ಹೊಲಿಸಿ ತಂದರು.

ಎಲ್ಲ ಸರಿ, ಕಾರ್ ರೇಸು ಶುರು ಮಾಡಿದ ಹತ್ತನೇ ನಿಮಿಷಕ್ಕೆ ಕಂಪ್ಯೂಟರು ಸತ್ತು ಬೀಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುತ್ತಿತ್ತು. ಕಾದುಹೋಗುತ್ತಿದೆ ಅಂತ ನನಗೂ ತಿಳಿದಿತ್ತು. ಡಬ್ಬದಲ್ಲಿ ಮುಂದೊಂದು, ಹಿಂದೊಂದು ಫ್ಯಾನು. ಹಿಂದಿನದು ಗಾಳಿಯನ್ನು ಹೊರಗೆ ಬಿಡುತ್ತಿದ್ದುದನ್ನು ಕಂಡು, ಮೈಸೂರಿನ ಅಂಗಡಿಯವರು ತಿಳಿಯದೆ ತಿರುವು ಮುರುವು ಹಾಕಿದ್ದಾರೆ ಎಂದು ನಕ್ಕು, ಬಿಚ್ಚಿ ಒಳಮುಖ ಮಾಡಿ ಕೂರಿಸಿದೆ. ಸೆಕೆಯಾದರೆ ನಾವು ಫ್ಯಾನನ್ನು ನಮ್ಮ ಕಡೆ ತಾನೆ ತಿರುಗಿಸಿಕೊಳ್ಳುವುದು? ಈಗ ಎಂಟೇ ನಿಮಿಷಕ್ಕೆ ಸಾಯತೊಡಗಿತು. ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ. ಗೋಡೆಯ ಬಿರುಕುಗಳಲ್ಲಿ ಉಳಿದಿದ್ದ ಬೂಸಾ ಧೂಳೆಲ್ಲ ಎದ್ದು ಒಳಗೆ ಹೋಯಿತು.

ಅಷ್ಟರಲ್ಲಿ ನಾನು ಬುದ್ಧಿವಂತಿಕೆಯ ಇನ್ನೊಂದು ಕೆಲಸ ಮಾಡಿಬಿಟ್ಟಿದ್ದೆ. ಬರುವ ಭಾನುವಾರ ಕಾರ್ ರೇಸ್ ಪಂದ್ಯ ಎಂದು ನಾಗಮಂಗಲದವರೆಗೆ ಕಾಗದ ಅಂಟಿಸಿ ಬಂದಿದ್ದೆ. ಅಪ್ಪ ಮೂರು ಸಲ ಅದು ಕೆಟ್ಟು ನಿಂತದ್ದನ್ನು ಬಾಗಿಲಲ್ಲಿ ನಿಂತು ನೋಡಿದರು. "ಭಾನ್ವಾರ ಇದೇನಾದ್ರೂ ಜನದ್ ಮುಂದೆ ನಿಂತೋದ್ರೆ, ಸೋಮ್ವಾರ ಬೂಸಾ ಮೂಟೆ ವಾಪಸ್ ಬತ್ತವೆ" ಅಂದರು. ಅಪ್ಪ ಅಂದರೆ ಅಂದದ್ದೇ.

ಶುಕ್ರವಾರ ಒಲೆ ಮಾವ ಚಪ್ಪಲಿ ಬಿಟ್ಟು ಒಳಗೆ ಬಂದರು. ಡಬ್ಬದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಪಾಕ ಬಂದದೆ. ಇನ್ನೊಂದ್ ಕುದಿ ಬಂದ್ರೆ ಅಚ್ಚಿಗೆ ಉಯ್ಬೋದು."

ನನಗೆ ಮೈ ಉರಿಯಿತು. ಇದು ಬೆಲ್ಲವಲ್ಲ, ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಓದಿ ಮಾಡಬೇಕಾದ ಕೆಲಸ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅಮ್ಮನನ್ನು ಕೂಗಿ ಒಂದು ಊದುಬತ್ತಿ ತರಿಸಿದರು, ತಗಡು ಮುಚ್ಚಿಸಿದರು, ಕಂಪ್ಯೂಟರು ಹಾಕಿಸಿದರು. ಬತ್ತಿಯನ್ನು ಮುಂದೆ ಹಿಡಿದರು, ಹೊಗೆ ಒಳಗೆ ಹೋಯಿತು. ಹಿಂದೆ ಹಿಡಿದರು, ಅಲ್ಲೂ ಒಳಗೆ ಹೋಯಿತು. ನಾನು ಹೆಮ್ಮೆಯಿಂದ ನೋಡುತ್ತಿದ್ದಂತೆ ಫ್ಲಾಪಿ ಹಾಕುವ ಸೀಳಿನಿಂದ ಹೊಗೆ ಹೊರಟು ಸೀದಾ ನನ್ನ ಮೂಗಿಗೆ ಬಂತು.

"ನೋಡ್ಲಾ, ಎಲ್ಡ್ ಕಡೆಯಿಂದ್ಲೂ ತುಂಬ್ತಾ ಇದ್ದೀಯ. ಬಿಸಿ ಓಗೋದೆಲ್ಲಿಗೆ? ಒಲೆಗೆ ಬಾಯಿ ಮುಂದ್ಗಡೆ ತಗ್ಗಲ್ಲಿರ್ಬೇಕು, ಒಗೆಗೂಡು ಇಂದ್ಗಡೆ ಎತ್ರದಲ್ಲಿರ್ಬೇಕು. ಅಷ್ಟೇ ಕಣ್ಲಾ."

ಅವರು ಹೇಳಿದ ಹಾಗೆ ಹಿಂದಿನ ಫ್ಯಾನನ್ನು ಬಿಚ್ಚಿ ಹೊರಮುಖ ಮಾಡಿದೆ. ಪಕ್ಕದ ತಗಡು ತೆಗೆದೇ ಇಡೋಣ, ಗಾಳಿಯಾಡುತ್ತದೆ ಅಂದೆ. "ಒಲೆ ಗೋಡೆ ಕೆಡವ್ಬುಟ್ಟು ಉರಿ ಅಂದ್ರೆ ಉರೀತದಾ?" ಎಂದು ಅದನ್ನು ಮುಚ್ಚಿಸಿದರು. ಒಳಗೆ ಚಪ್ಪಟೆ ಪಟ್ಟಿಯಂಥ ವೈರುಗಳು ಮುಂದಿನ ಫ್ಯಾನಿಗೆ ಅಡ್ಡ ನೇತಾಡುತ್ತಿದ್ದವು. ಮನೆಗೆ ಹೋಗಿ ಬಾಳೆ ನಾರು ತಂದು ಅವನ್ನೆಲ್ಲ ಪಕ್ಕಕ್ಕೆ ಸೇರಿಸಿ ಕಟ್ಟಿದರು. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನೊಂದು ಸಲ ಹೊರಗೆ ಹೋದವರು ಕಲಸಿದ ಕೆಮ್ಮಣ್ಣಿನ ಮುದ್ದೆ ಹಿಡಿದುಕೊಂಡು ಬಂದರು. ಹಿಂದುಗಡೆ ಸುಮ್ಮನೆ ತೆರೆದಿರುವ ಸಂದುಗಳನ್ನು ಮೆತ್ತಿಬಿಟ್ಟರೆ ಗಾಳಿಯ ಎಳೆತ ಚೆನ್ನಾಗಿ ಬರುತ್ತದಂತೆ! ನಾನು ಕಂಪ್ಯೂಟರಿಗೆ ಅಡ್ಡ ನಿಂತು ಕಿರುಚಿದ್ದಕ್ಕೆ ಅತ್ತೆಯೂ ಅಮ್ಮನೂ ಓಡಿ ಬಂದರು. ಕೊನೆಗೆ ಕರೆಂಟಿನ ಕೆಲಸದವರು ಸುತ್ತುವ ಕಪ್ಪು ಟೇಪು ಅಂಟಿಸುವುದಕ್ಕೆ ರಾಜಿಯಾಯಿತು. ಮಣ್ಣಿನಷ್ಟು ಬರಲ್ಲ ಎಂದು ಮಾವ ಗೊಣಗುತ್ತಲೇ ಇದ್ದರು. ಅಮ್ಮನ ಝರಿ ಹೊದಿಕೆಯನ್ನು ಎರಡು ಬೆರಳಲ್ಲಿ ಎತ್ತಿ, ಉರಿಯುವ ಒಲೆಗೆ ಕಂಬಳಿ ಹೊದಿಸಿದವರು ಯಾರು ಎಂದು ಕೇಳಿದರು. ಅಮ್ಮ ಅದನ್ನು ಕಿತ್ತುಕೊಂಡು ಅಡುಗೆಮನೆಗೆ ಹೋದರು.

ಭಾನುವಾರ ನಾಗಮಂಗಲದಿಂದ ಹನ್ನೊಂದು ಜನ ಬಸ್ಸಿಳಿದರು, ಕೆ.ಆರ್.ಪೇಟೆಯಿಂದ ನಾಲ್ವರು. ನಮ್ಮೂರಿನವರು ಕಿಟಕಿಗೆಲ್ಲ ಜೋತುಬಿದ್ದಿದ್ದರು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಒಂದು ಗಂಟೆಯಾಯಿತು. ಅಪ್ಪ ಬಂದು ಡಬ್ಬ ಮುಟ್ಟಿ ನೋಡಿ ಹಸುಗಳ ಕಡೆ ಹೋದರು. ಸಂಜೆಯ ತನಕ ಅದು ಒಮ್ಮೆಯೂ ನಿಲ್ಲಲಿಲ್ಲ. ನನ್ನ ಕೋಣೆ ಉಳಿಯಿತು. ಗೆದ್ದ ನಾಗಮಂಗಲದವನು, ತನ್ನ ಗೆಳೆಯನ ಕಂಪ್ಯೂಟರೂ ಹೀಗೇ ಸಾಯುತ್ತದೆ, ಇದನ್ನು ಹೀಗೆ ಜೋಡಿಸಿದ್ದು ಯಾರು ಎಂದು ಕೇಳಿದ.

"ನಾನೇ. ಪುಸ್ತಕ ಓದ್ಕೊಂಡು ಮಾಡ್ದೆ" ಅಂದೆ.

ಒಲೆ ಮಾವ ಬಾಗಿಲಲ್ಲೇ ನಿಂತಿದ್ದರು. ನಾನು ಅವರ ಕಡೆ ನೋಡಲಿಲ್ಲ.

ಅವರು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಹೋದ ಹೋದ ಆಲೆಮನೆಯಲ್ಲೆಲ್ಲ, ನಮ್ಮ ಬೀದಿ ಹುಡುಗನ ಕಂಪ್ಯೂಟರಿಗೆ ಒಲೆ ಕಟ್ಟಿಕೊಟ್ಟೆ ಎಂದು ಸಂತೋಷವಾಗಿ ಹೇಳಿಕೊಂಡು ತಿರುಗಿದರು. ಜನ ಬುರುಡೆ ಎಂದು ನಕ್ಕರು. ಬೇಕಾದರೆ ಅವನನ್ನೇ ಕೇಳಿ ಎಂದು ಮಾವ ಅಂದಿರಬೇಕು. ಒಂದು ದಿನ ತೊಣ್ಣೂರಿನ ಕಡೆಯ ಆಲೆಮನೆ ಯಜಮಾನರೊಬ್ಬರು ನನ್ನ ಅಂಗಡಿಗೆ ಬಂದು, "ನಮ್ ಒಲೆಯವ್ರು ಏಳೋದು ದಿಟವಾ?" ಎಂದು ಕೇಳಿದರು. ಗೇಮ್ ಆಡಲು ಬಂದ ಕಾಲೇಜಿನವರು ಸುತ್ತ ಕೂತಿದ್ದರು. ಇಂಗ್ಲಿಷ್ ಪುಸ್ತಕದ ನನ್ನ ಮಾನ ಅವರ ಮುಂದೆ ಕಳೆಯುವುದು ನನಗೆ ಬೇಕಿರಲಿಲ್ಲ. "ಮಾವಂಗೆ ತಮಾಷೆ ಜಾಸ್ತಿ" ಎಂದು ನಕ್ಕೆ. ಅವರೂ ನಗುತ್ತಾ ಹೋದರು.

ಅಂಗಡಿ ಇನ್ನೂ ಮೂರು ವರ್ಷ ನಡೆದು ತಾನಾಗಿಯೇ ಮುಚ್ಚಿತು. ಒಲೆ ಮಾವ ತೀರಿಕೊಂಡು ಹದಿನೈದು ವರ್ಷದ ಮೇಲಾಯಿತು. ಆ ದಿನ ಅವರನ್ನು ಹೊತ್ತವರಲ್ಲಿ ನಾನೂ ಒಬ್ಬ. ಆಗಲಾದರೂ ಯಾರಿಗಾದರೂ ಹೇಳಬಹುದಿತ್ತು… ಹೇಳಲಿಲ್ಲ.

ಮಗಳ ಕಂಪ್ಯೂಟರು ಸರಿಹೋದ ಮಾರನೆಯ ದಿನ ಎದುರು ಮನೆಗೆ ಹೋದೆ. ಅತ್ತೆಗೆ ಈಗ ಎಂಬತ್ತರ ಮೇಲೆ, ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಫ್ಯಾನು ಸರಿ ಮಾಡಿದ್ದು ಮಾವ, ಪುಸ್ತಕ ಗಿಸ್ತಕ ಏನೂ ಇರಲಿಲ್ಲ, ತೊಣ್ಣೂರಿನ ಯಜಮಾನರ ಮುಂದೆ ನಾನು ಆಡಿದ್ದು ಸುಳ್ಳು ಅಂದೆ.

ಅತ್ತೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಂಗೊತ್ತು ಕಣ್ಮಗ, ಮಣ್ ಕಲ್ಸ್ಕೊಟ್ಟೋಳೇ ನಾನು. ನೀನು ನಕ್ಬುಟ್ಟೆ ಅಂತ ಆ ಯಜಮಾನ್ರು ಬಂದು ಏಳಿದ್ರು. ಅವತ್ತಿಂದ ಇವ್ರು ಆ ಮಾತೇ ಎತ್ನಿಲ್ಲ. 'ನಾನೇ ಏನೋ ತಪ್ಪು ತಿಳ್ಕಂಡಿರ್ಬೇಕು ಕಣೆ, ಅವ್ನು ಓದಿರೋನು' ಅಂದ್ಬುಟ್ರು."

ಮಾವ ತಪ್ಪು ತಿಳಿದುಕೊಂಡಿರಲಿಲ್ಲ. ಅದನ್ನು ಅವರಿಗೆ ಹೇಳಬಹುದಾಗಿದ್ದವನು ನಾನೊಬ್ಬನೇ.